ಅವಸರದಲ್ಲಿ ತೆಗೆದ ಒಂದು ಶಿಮ್

ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯಲ್ಲಿರುವ ನಮ್ಮ ಗ್ಯಾರೇಜಿಗೆ ಬರುವುದು ಬಹುಪಾಲು ಟ್ಯಾಕ್ಸಿಗಳು, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಜೀಪುಗಳು ಮತ್ತು ಹತ್ತು ಹದಿನೈದು ವರ್ಷ ಓಡಿ ಬಳಲಿದ ಮಾರುತಿಗಳು. ಹೀಗಿರುವಾಗ ನಾಲ್ಕು ವರ್ಷಗಳ ಹಿಂದೆ, ಹತ್ತಿ ವ್ಯಾಪಾರದ ಹಳೆಯ ಮನೆತನದ ಗಿರಾಕಿಯೊಬ್ಬರು 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಕಾರನ್ನು ತಂದು ನಿಲ್ಲಿಸಿದಾಗ, ಪಕ್ಕದ ಟೈರ್ ಅಂಗಡಿಯವರೂ ಕೆಲಸ ಬಿಟ್ಟು ನೋಡಲು ಬಂದರು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಆ ಕಾರನ್ನು ಅವರು ಬೆಂಗಳೂರಿನಲ್ಲಿ ಕೊಂಡು, ಹೆದ್ದಾರಿಯಲ್ಲಿ ಸ್ವತಃ ಓಡಿಸಿಕೊಂಡು ಬಂದಿದ್ದರು.

ಅವರ ದೂರು ಸ್ಪಷ್ಟವಾಗಿತ್ತು. ಗಂಟೆಗೆ ಅರವತ್ತು ಕಿಲೋಮೀಟರ್ ದಾಟಿದ ಮೇಲೆ ಕಾರು ಒಂದು ಗೆರೆಯಲ್ಲಿ ಹೋಗುತ್ತಿರಲಿಲ್ಲ. ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡದ ಹತ್ತಿರ ಅಡ್ಡಗಾಳಿ ಹೊಡೆದಾಗ, ಸುಮಾರು 700 ಕಿಲೋ ತೂಕದ ಆ ಗಾಡಿಯನ್ನು ರಸ್ತೆಯ ಮೇಲೆ ಹಿಡಿದು ನಿಲ್ಲಿಸುವುದೇ ಕಷ್ಟವಾಗಿತ್ತಂತೆ. ನಾನು ಕುಳಿತು ಸ್ಟೇರಿಂಗ್ ಚಕ್ರವನ್ನು ಅಲ್ಲಾಡಿಸಿದೆ. ಅಂಚಿನಲ್ಲಿ ಹತ್ತಿರ ಹತ್ತಿರ ಎರಡು ಇಂಚು ತಿರುಗಿದ ಮೇಲಷ್ಟೇ ಮುಂದಿನ ಗಾಲಿ ಕದಲುತ್ತಿತ್ತು. ನಮ್ಮ ಕಸುಬಿನಲ್ಲಿ ಇದಕ್ಕೆ ಪ್ಲೇ ಎನ್ನುತ್ತೇವೆ.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಈ ಕಾರಿನದು ರ್ಯಾಕ್ ಮತ್ತು ಪಿನಿಯನ್ ಸ್ಟೇರಿಂಗ್, ಅಂದರೆ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ ತಿರುಗಿ, ರ್ಯಾಕ್ ಎಂಬ ಹಲ್ಲಿನ ಸರಳನ್ನು ಅತ್ತಿತ್ತ ಸರಿಸಿ ಗಾಲಿಗಳನ್ನು ತಿರುಗಿಸುತ್ತದೆ. ಪಿನಿಯನ್ ಇರುವ ಕಡೆಯಲ್ಲಿ, ರ್ಯಾಕನ್ನು ಹಿಂದಿನಿಂದ ಸ್ಪ್ರಿಂಗಿನ ಬಲದಿಂದ ಒತ್ತಿ ಹಿಡಿಯುವ ಒಂದು ಗುಂಡಿಯಿದ್ದು, ಅದರ ಮುಚ್ಚಳದ ಕೆಳಗೆ ಶಿಮ್ ಎಂಬ, ಕಾಗದದಷ್ಟು ತೆಳುವಾದ ಬಿಲ್ಲೆಗಳಿರುತ್ತವೆ. ಒಂದು ಶಿಮ್ ತೆಗೆದರೆ ಹಲ್ಲುಗಳು ಹತ್ತಿರವಾಗಿ ಪ್ಲೇ ಕಡಿಮೆಯಾಗುತ್ತದೆ. ಅರ್ಧ ಗಂಟೆಯ ಕೆಲಸ. ಗಿರಾಕಿ ಎದುರಿಗೇ ನಿಂತಿದ್ದರಿಂದ, ಕೈಚಳಕ ತೋರಿಸುವ ಹುಮ್ಮಸ್ಸಿನಲ್ಲಿ ನಾನು ಬೇರೇನನ್ನೂ ಪರೀಕ್ಷಿಸದೆ ಶಿಮ್ ತೆಗೆದು ಮುಚ್ಚಳ ಬಿಗಿದೆ. ಪ್ಲೇ ಸ್ವಲ್ಪ ಇಳಿಯಿತು. ಅವರು ಹದಡಿ ರಸ್ತೆಯ ಕಡೆ ಒಂದು ಸುತ್ತು ಹಾಕಿ ಬಂದವರು ಇಳಿಯುವ ಮೊದಲೇ, "ಮೇಸ್ತ್ರಿ, ತಿರುವಿನಲ್ಲಿ ತಿರುಗಿಸಿದ ಮೇಲೆ ಸ್ಟೇರಿಂಗ್ ತಾನಾಗೇ ವಾಪಸ್ ಬರ್ತಾ ಇಲ್ಲ, ನಾನೇ ಎಳೀಬೇಕಾಯ್ತು" ಎಂದರು.

ಇದಕ್ಕೆ ಕಾರಣ ನನಗೆ ಗೊತ್ತಿರದ ವಿಷಯವೇನಲ್ಲ. ಕಾರು ತನ್ನ ಆಯುಷ್ಯದ ಬಹುಭಾಗ ನೇರವಾಗಿಯೇ ಓಡುವುದರಿಂದ ರ್ಯಾಕಿನ ನಡುಭಾಗದ ಹಲ್ಲುಗಳು ಹೆಚ್ಚು ಸವೆಯುತ್ತವೆ, ಎರಡೂ ತುದಿಗಳ ಹಲ್ಲುಗಳು ಹೊಸದರಂತೆಯೇ ಉಳಿಯುತ್ತವೆ. ನಡುವಿನ ಸವೆತಕ್ಕೆ ತಕ್ಕಂತೆ ಬಿಗಿ ಮಾಡಿದರೆ ತುದಿಗಳಲ್ಲಿ ಅದು ಹಿಡಿದುಕೊಳ್ಳುತ್ತದೆ. ಹಿಡಿದುಕೊಳ್ಳುವ ಸ್ಟೇರಿಂಗು ಸಡಿಲ ಸ್ಟೇರಿಂಗಿಗಿಂತ ಹೆಚ್ಚು ಅಪಾಯಕಾರಿ. ಶಿಮ್ಮನ್ನು ಮತ್ತೆ ಅದರ ಜಾಗದಲ್ಲೇ ಇಟ್ಟು, ಕಾರನ್ನು ಬಿಟ್ಟುಹೋಗುವಂತೆ ಅವರನ್ನು ಕೇಳಿಕೊಂಡೆ.

ನಿಜವಾದ ಸುಳಿವು ಸಿಕ್ಕಿದ್ದು ನಮ್ಮ ಹುಡುಗನಿಂದ. ಕಾರನ್ನು ಒಳಗೆ ತಳ್ಳುವಾಗ ಅವನು, "ಅಣ್ಣ, ಇದರ ಹಾರ್ನ್ ಒಂದ್ಸಲ ಹೊಡಿತದೆ, ಒಂದ್ಸಲ ಹೊಡಿಯಲ್ಲ, ಸ್ಟೇರಿಂಗ್ ಎಡಕ್ಕೆ ಎಳೆದ್ರೆ ಹೊಡಿತದೆ" ಎಂದ. ಕರೆಂಟಿನ ಕೆಲಸ ಆಮೇಲೆ ನೋಡೋಣ ಎಂದು ಮೊದಲು ಅವನನ್ನು ಗದರಿಸಿದೆನಾದರೂ, ಎರಡು ನಿಮಿಷದ ನಂತರ ಆ ಮಾತಿನ ಅರ್ಥ ತಲೆಗೆ ಹೋಯಿತು. ಈ ಕಾರಿನಲ್ಲಿ ಹಾರ್ನಿನ ಅರ್ಥಿಂಗ್ ಸ್ಟೇರಿಂಗ್ ಕಂಬದ ಮೂಲಕವೇ ಹಾಯ್ದು ಹೋಗುತ್ತದೆ. ಕಂಬ ಮತ್ತು ರ್ಯಾಕಿನ ನಡುವೆ ರಬ್ಬರಿನ ಒಂದು ಜೋಡಣೆಯಿದೆ. ರಬ್ಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಅದನ್ನು ದಾಟಿಸಲು ಒಂದು ಸಣ್ಣ ತಂತಿಯ ಪಟ್ಟಿಯನ್ನು ಕೊಟ್ಟಿರುತ್ತಾರೆ. ಬ್ಯಾಟರಿ ಬೆಳಕು ಹಿಡಿದು ನೋಡಿದರೆ ಆ ಪಟ್ಟಿ ತುಂಡಾಗಿತ್ತು. ರಬ್ಬರು ಬೋಲ್ಟಿನ ತೂತಿನಿಂದ ಅಂಚಿನವರೆಗೆ ಸೀಳಿತ್ತು. ಎಡಕ್ಕೆ ತಿರುಗಿಸಿದಾಗ ಸೀಳಿದ ಭಾಗ ಸರಿದು ಲೋಹಕ್ಕೆ ಲೋಹ ತಾಗುತ್ತಿತ್ತು, ಆಗ ಹಾರ್ನ್ ಕೂಗುತ್ತಿತ್ತು.

ಅಲ್ಲಿಂದ ಮುಂದೆ ಕೆಲಸವನ್ನು ಕ್ರಮವಾಗಿ ಮಾಡಿದೆ. ಸ್ಪಿಟ್‌ಫೈರಿನ ಬಾನೆಟ್ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ, ಮೆಕ್ಯಾನಿಕ್ ಮುಂದಿನ ಟೈರಿನ ಮೇಲೆ ಕುಳಿತುಕೊಂಡೇ ರ್ಯಾಕು, ಅದನ್ನು ಗಾಲಿಗೆ ಜೋಡಿಸುವ ಟೈರಾಡು, ಸಸ್ಪೆನ್ಷನ್ ಎಲ್ಲವನ್ನೂ ಕಣ್ಣೆದುರು ನೋಡಬಹುದು. ಇಷ್ಟು ಸೌಕರ್ಯವಿದ್ದೂ ನಾನು ಮೊದಲ ದಿನ ನೋಡಿರಲಿಲ್ಲ. ಕಾರನ್ನು ಜಾಕಿಗೆ ಏರಿಸದೆ, ಗಾಲಿಗಳ ಮೇಲೆ ಭಾರವಿರುವಂತೆಯೇ ನಿಲ್ಲಿಸಿ, ಹುಡುಗನನ್ನು ಒಳಗೆ ಕೂರಿಸಿ ಸ್ಟೇರಿಂಗ್ ಚಕ್ರವನ್ನು ಸ್ವಲ್ಪ ಸ್ವಲ್ಪವೇ ಅತ್ತಿತ್ತ ಆಡಿಸಲು ಹೇಳಿ, ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟು ನೋಡುತ್ತಾ ಹೋದೆ. ಕಣ್ಣಿಗೆ ಕಾಣದ ಸಡಿಲವೂ ಬೆರಳಿಗೆ ಟಕ್ಕೆಂದು ತಾಗುತ್ತದೆ. ಎಡಗಡೆಯ ಟೈರಾಡ್ ಎಂಡ್ ಹೋಗಿತ್ತು, ಅದು ದೊಡ್ಡ ವಿಷಯವಲ್ಲ. ಆದರೆ ಚಕ್ರ ತಿರುಗಿದಾಗಲೆಲ್ಲ ಗಾಲಿಗಿಂತ ಮೊದಲು ಇಡೀ ರ್ಯಾಕೇ ಮೂರು ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತಿದ್ದುದು ಅಂದು ಕಂಡಿತು. ಚಾಸಿಗೆ ರ್ಯಾಕನ್ನು ಹಿಡಿದಿರುವುದು ಎರಡು ಯು ಬೋಲ್ಟುಗಳು ಮತ್ತು ಅವುಗಳೊಳಗಿನ ರಬ್ಬರುಗಳು. ಎಂಜಿನ್ ಎಣ್ಣೆ ಕುಡಿದು ಕುಡಿದು ಆ ರಬ್ಬರುಗಳು ಹಲ್ವದಂತಾಗಿದ್ದವು.

ಕೊನೆಯಲ್ಲಿ ಗಾಲಿಗಳನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಿಕ್ಕಿದ್ದು ಟ್ರನಿಯನ್ನಿನ ಪ್ಲೇ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಸ್ಪಿಟ್‌ಫೈರಿನ ಮುಂಭಾಗದ ಸಸ್ಪೆನ್ಷನ್ ಮೂಲತಃ ಟ್ರಯಂಫ್ ಹೆರಾಲ್ಡ್ ಕಾರಿನದು, ಆ ಹೆರಾಲ್ಡನ್ನೇ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ನಮ್ಮ ದೇಶದಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಆ ಗಾಡಿಗಳ ಮೇಲೆಯೇ ಕೈ ಪಳಗಿಸಿಕೊಂಡವರು. ಹಾಗಾಗಿ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರೆಂದು ಊರೆಲ್ಲ ಬೆರಗಾಗಿ ನೋಡುತ್ತಿದ್ದ ಗಾಡಿಯ ಹೊಟ್ಟೆಯಲ್ಲಿದ್ದದ್ದು ನನ್ನ ಗುರುಗಳಿಗೆ ಮನೆಯ ಪಾತ್ರೆಯಷ್ಟು ಪರಿಚಯವಿದ್ದ ಸಾಮಾನು.

ಟ್ರನಿಯನ್ ಎಂದರೆ, ಗಾಲಿಯನ್ನು ಹೊತ್ತ ಉಕ್ಕಿನ ಕಂಬದ ಕೆಳತುದಿಯ ಥ್ರೆಡ್, ಅಂದರೆ ಸ್ಕ್ರೂವಿನಂಥ ಸುತ್ತುಗೆರೆ, ಯಾವುದರೊಳಗೆ ಕೂರುತ್ತದೋ ಆ ಕಂಚಿನ ತುಂಡು. ಸ್ಟೇರಿಂಗ್ ತಿರುಗಿದಾಗ ಕಂಬ ಆ ಥ್ರೆಡ್ಡಿನಲ್ಲೇ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು 90 ನಂಬರಿನ ಗೇರ್ ಎಣ್ಣೆಯೇ ಹೊರತು ಗ್ರೀಸ್ ಅಲ್ಲ. ಗ್ರೀಸ್ ಥ್ರೆಡ್ಡಿನ ತಳದವರೆಗೆ ಇಳಿಯದೆ ಅಲ್ಲೇ ಗಟ್ಟಿಯಾಗುತ್ತದೆ, ಒಳಗೆ ನೀರು ಸೇರಿ ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬ ಥ್ರೆಡ್ಡಿನ ಬಳಿ ಮುರಿದು ಗಾಲಿ ಒಳಕ್ಕೆ ಮಡಚಿಕೊಳ್ಳುತ್ತದೆ. ನಮ್ಮ ಮೇಸ್ತ್ರಿ ಇದಕ್ಕೆಂದೇ ಒಂದು ಗ್ರೀಸ್ ಗನ್ನಿಗೆ ಎಣ್ಣೆ ತುಂಬಿ, ಅದರ ಹಿಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿಟ್ಟಿರುತ್ತಿದ್ದರು. ಆ ಗನ್ನಿಗೆ ಗ್ರೀಸ್ ತುಂಬಿದ್ದಕ್ಕೆ ಒಮ್ಮೆ ನನಗೆ ಬಿದ್ದ ಏಟು ಈಗಲೂ ನೆನಪಿದೆ. ಈ ಕಾರಿನ ಎರಡೂ ಟ್ರನಿಯನ್‌ಗಳಿಗೆ ಹಿಂದೆ ಯಾರೋ ಮನಸಾರೆ ಗ್ರೀಸ್ ತುಂಬಿದ್ದರು. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಾಗ, ಎಡಗಡೆಯ ಕಂಬದಲ್ಲಿ ಥ್ರೆಡ್ ಮುಗಿಯುವ ಜಾಗದಲ್ಲಿ ಸುತ್ತಲೂ ತುಕ್ಕಿನ ಉಂಗುರ ಕಂಡಿತು. ಈ ಸ್ಥಿತಿಯಲ್ಲಿ ಅವರು ಬೆಂಗಳೂರಿನಿಂದ ಇಲ್ಲಿಯವರೆಗೆ ಬಂದಿದ್ದರು. ನಾನು ಶಿಮ್ ತೆಗೆದು, ಬಿಲ್ ಕೊಟ್ಟು ಕಳಿಸಿಬಿಡುವವನಿದ್ದೆ.

ಆ ತುಕ್ಕಿನ ಉಂಗುರವನ್ನು ಗಿರಾಕಿಗೆ ತೋರಿಸಿ, ನನ್ನ ಮೊದಲ ದಿನದ ಕೆಲಸ ತಪ್ಪಾಗಿತ್ತೆಂದೂ ಅದಕ್ಕೆ ಕೂಲಿ ಹಿಡಿಯುವುದಿಲ್ಲವೆಂದೂ ಹೇಳಿದೆ. ಅವರು ಬಹಳ ಹೊತ್ತು ಆ ಕಂಬವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಈ ಕಾರಿನ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಇಂದಿಗೂ ಸಿಗುವುದರಿಂದ ಕಂಬ, ಟ್ರನಿಯನ್, ರಬ್ಬರುಗಳು ಮತ್ತು ಜೋಡಣೆಯನ್ನು ತರಿಸಿಕೊಂಡೆವು. ಟ್ರನಿಯನ್ ಪಿನ್ನಿನ ಉಕ್ಕಿನ ಕೊಳವೆ ಮಾತ್ರ ಬರುವಾಗ ತಪ್ಪಿಹೋದದ್ದರಿಂದ ಹರಿಹರದ ಲೇತಿನಲ್ಲಿ ಕಡೆಸಿದೆ. ಜೋಡಿಸುವಾಗ ನೆನಪಿಡಬೇಕಾದವು ಮೂರು. ಎಡಗಡೆಯ ಟ್ರನಿಯನ್ನಿಗೆ ಎಡ ಥ್ರೆಡ್, ಬಲಗಡೆಯದಕ್ಕೆ ಬಲ ಥ್ರೆಡ್ ಇರುತ್ತದೆ. ಪೂರ್ತಿ ತಿರುಗಿಸಿ ಕೂರಿಸಿದ ಮೇಲೆ, ಗಾಲಿ ಎರಡೂ ಕಡೆ ಕೊನೆಯವರೆಗೆ ತಿರುಗಲು ಆಸ್ಪದವಾಗುವಷ್ಟು ಹಿಂದಕ್ಕೆ ಬಿಡಬೇಕು. ರ್ಯಾಕಿನ ಯು ಬೋಲ್ಟುಗಳನ್ನು ಹೊರಮುಖವಾಗಿ ಒತ್ತಿ, ರಬ್ಬರು ಅದುಮಿಕೊಂಡಿರುವಂತೆ ಹಿಡಿದೇ ನಟ್ಟು ಬಿಗಿಯಬೇಕು. ಇಲ್ಲದಿದ್ದರೆ ಹೊಸ ರಬ್ಬರಿದ್ದೂ ರ್ಯಾಕು ಸರಿಯುತ್ತದೆ.

ಎಲ್ಲ ಮುಗಿಸಿ ಅಲೈನ್‌ಮೆಂಟ್ ಮಾಡಿಸಿದ ಮೇಲೆ, ಚಕ್ರದ ಅಂಚಿನಲ್ಲಿ ಅರ್ಧ ಇಂಚಿಗಿಂತ ಕಡಿಮೆ ಪ್ಲೇ ಉಳಿಯಿತು. ಚಿತ್ರದುರ್ಗದವರೆಗೆ ಇಬ್ಬರೂ ಹೋಗಿ ಬಂದೆವು. ಗಾಳಿಯಂತ್ರಗಳ ಗುಡ್ಡದ ಬಳಿ ಅವರು ಚಕ್ರವನ್ನು ಎರಡೇ ಬೆರಳಿನಲ್ಲಿ ಹಿಡಿದು ನನ್ನ ಕಡೆ ನೋಡಿದರು, ನಾನು ಎರಡೂ ಕೈಯಲ್ಲಿ ಹಿಡಿಯಿರಿ ಎಂದೆ. ಉಳಿದ ಆ ಪ್ಲೇ ರ್ಯಾಕಿನ ನಡುಭಾಗದ ಹಲ್ಲಿನ ಸವೆತದ್ದು. ಶಿಮ್ ತೆಗೆದರೆ ಅದೂ ಮಾಯವಾಗುತ್ತದೆಂದು ಗೊತ್ತಿದ್ದೂ ನಾನು ಮುಟ್ಟಲಿಲ್ಲ. ರ್ಯಾಕ್ ಬದಲಿಸುವ ಕಾಲ ಬಂದಾಗ ಬದಲಿಸೋಣ ಎಂದು ಅವರಿಗೆ ಹೇಳಿ, ಗೇರ್ ಎಣ್ಣೆ ತುಂಬಿದ ಒಂದು ಗನ್ನಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಿ ಡಿಕ್ಕಿಯಲ್ಲಿಟ್ಟು ಕಳುಹಿಸಿದೆ.