ಆಟೋಮ್ಯಾಟಿಕ್ ಕಾರಿಗೆ ಮ್ಯಾನ್ಯುವಲ್ ಗೇರ್‌ಬಾಕ್ಸ್ ಹಾಕಿಸ್ಬಹುದಾ?

ಗ್ಯಾರೇಜ್ ಇಟ್ಕೊಂಡಿರೋದಕ್ಕೆ ಈ ಪ್ರಶ್ನೆ ಬರ್ತಾನೇ ಇರತ್ತೆ. "ಅಣ್ಣಾ, ಆಟೋಮ್ಯಾಟಿಕ್ ಬಾಕ್ಸ್ ಹೋಗಿದೆ, ರಿಪೇರಿಗೆ ಹೇಳ್ತಿರೋ ರೇಟಿಗೆ ಇನ್ನೊಂದು ಹಳೆ ಕಾರೇ ಬರತ್ತೆ, ಇಂಜಿನ್ ಹೆಂಗೂ ಒಂದೇ ಅಲ್ವಾ, ಗುಜರಿಯಿಂದ ಮ್ಯಾನ್ಯುವಲ್ ಬಾಕ್ಸ್ ತಂದು ಕೂರಿಸ್ಬಿಡಿ." ಆಗತ್ತೆ, ಆಗಲ್ಲ ಅಂತೇನಿಲ್ಲ. ಆದ್ರೆ ಇಡೀ ಕೆಲ್ಸದಲ್ಲಿ ಬಾಕ್ಸ್ ಕೂರಿಸೋದೇ ಸುಲಭದ್ದು ಅಂದ್ರೆ ಯಾರೂ ನಂಬಲ್ಲ.

ಮೊದ್ಲು ನಿಮ್ದು ಯಾವ ಥರದ ಆಟೋಮ್ಯಾಟಿಕ್ ಅಂತ ನೋಡ್ಕೊಳಿ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ್ಮೇಲೆ ನಮ್ಮಲ್ಲಿ ಎಎಂಟಿ ಗಾಡಿಗಳು ಜಾಸ್ತಿ ಆದ್ವು. ಅದು ಒಳಗಡೆ ಮ್ಯಾನ್ಯುವಲ್ ಬಾಕ್ಸೇ, ಕ್ಲಚ್ ಪ್ಲೇಟೂ ಇರತ್ತೆ, ನಿಮ್ ಕೈಕಾಲು ಮಾಡೋ ಕೆಲ್ಸಾನ ಆಕ್ಚುಯೇಟರ್ ಮಾಡತ್ತೆ ಅಷ್ಟೇ. ಅಲ್ಲಿ ಕ್ಲಚ್ ಸವ್ದಿದ್ಯೋ ಆಕ್ಚುಯೇಟರ್ ಕೆಟ್ಟಿದ್ಯೋ ನೋಡಿ ರಿಪೇರಿ ಮಾಡಿಸಿ, ಕನ್ವರ್ಷನ್ ಮಾತೇ ಬೇಡ.

ಟಾರ್ಕ್ ಕನ್ವರ್ಟರ್, ಅಂದ್ರೆ ಕ್ಲಚ್ ಬದ್ಲು ಎಣ್ಣೆ ಮೂಲಕ ಇಂಜಿನ್ ಶಕ್ತಿನ ಬಾಕ್ಸಿಗೆ ದಾಟಿಸೋದು, ಇರೋ ಗಾಡಿ ಆದ್ರೆ ಬಾಕ್ಸ್ ಇಳಿಸಿದ ತಕ್ಷಣ ಇಂಜಿನ್ ಹಿಂದೆ ಒಂದು ತೆಳು ಉಕ್ಕಿನ ಪ್ಲೇಟ್ ಕಾಣತ್ತೆ, ಫ್ಲೆಕ್ಸ್‌ಪ್ಲೇಟ್ ಅಂತಾರೆ. ಕ್ಲಚ್ ಹಿಡ್ಕೊಳಕ್ಕೆ ಅದ್ರಲ್ಲಿ ಏನೂ ಇಲ್ಲ, ಅದನ್ನ ತೆಗ್ದು ಭಾರದ ಫ್ಲೈವೀಲ್ ಹಾಕ್ಬೇಕು, ಆಮೇಲೆ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು. ಕೆಲವು ಇಂಜಿನ್‌ಗಳಲ್ಲಿ ಕ್ರ್ಯಾಂಕ್ ತುದೀಲಿ ಪೈಲಟ್ ಬೇರಿಂಗಿಗೆ (ಮ್ಯಾನ್ಯುವಲ್ ಬಾಕ್ಸಿನ ಶಾಫ್ಟ್ ತುದಿ ಹಿಡ್ಕೊಳೋ ಬೇರಿಂಗು) ತೂತೇ ಕೊರ್ದಿರಲ್ಲ, ಅದು ಬಾಕ್ಸ್ ಇಳಿಸಿದ್ಮೇಲೇ ಗೊತ್ತಾಗತ್ತೆ, ಅಷ್ಟೊತ್ತಿಗೆ ಗಾಡಿ ಲಿಫ್ಟ್ ಮೇಲಿರತ್ತೆ. ಆಕ್ಸಲ್ ಉದ್ದ ಬೇರೆ ಇರ್ಬಹುದು, ಮೌಂಟಿಂಗೂ ಬೇರೆ. ಪೆಡಲ್ ಸೆಟ್ ಪೂರ್ತಿ ಬದಲಾಗ್ಬೇಕು, ಕ್ಲಚ್ ಮಾಸ್ಟರ್ ಸಿಲಿಂಡರ್ ಕೂರಕ್ಕೆ ಫೈರ್‌ವಾಲ್‌ನಲ್ಲಿ (ಇಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ತಗಡಿನ ಗೋಡೆ) ಜಾಗ ಬೇಕು, ಅದೃಷ್ಟ ಇದ್ರೆ ಕಂಪ್ನಿಯವ್ರೇ ಅಲ್ಲೊಂದು ಮುಚ್ಚಳ ಹಾಕಿ ಬಿಟ್ಟಿರ್ತಾರೆ.

ನಿಜವಾದ ತಲೆನೋವು ವೈರಿಂಗು. ಆಟೋಮ್ಯಾಟಿಕ್‌ನಲ್ಲಿ ಲಿವರ್ ಪಿ ಅಥವಾ ಎನ್‌ನಲ್ಲಿ ಇದ್ರೆ ಮಾತ್ರ ಸೆಲ್ಫ್ ಹೊಡಿಯತ್ತೆ, ಬಾಕ್ಸ್ ಹೋದ್ರೆ ಆ ಸ್ವಿಚ್ಚೂ ಹೋಗತ್ತೆ. ಕೆಲವರು ಆ ಸ್ವಿಚ್ಚಿನ ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಕೈ ತೊಳ್ಕೊಂಡ್ಬಿಡ್ತಾರೆ. ಆಮೇಲೆ ಗೇರಲ್ಲಿ ನಿಂತಿರೋ ಗಾಡಿಗೆ ಮನೇಲಿ ಯಾರೋ ಬಂದು ಕೀ ತಿರುಗ್ಸಿದ್ರೆ ಅದು ಜಿಗ್ದು ಮುಂದಿರೋ ಗೋಡೆಗೆ ಹೋಗತ್ತೆ. ಕ್ಲಚ್ ಪೆಡಲಿಗೆ ಸ್ವಿಚ್ ಹಾಕಿ ಸೆಲ್ಫ್ ವೈರ್ ಅದ್ರ ಮೂಲಕಾನೇ ಹೋಗ್ಬೇಕು, ಇದ್ರಲ್ಲಿ ಚೌಕಾಸಿ ಬೇಡ. ಹೊಸ ಗಾಡಿಗಳಲ್ಲಿ ಇಂಜಿನ್ ಕಂಪ್ಯೂಟರ್ (ಇಸಿಎಂ) ಗೇರ್‌ಬಾಕ್ಸ್ ಕಂಪ್ಯೂಟರ್ ಜೊತೆ ಮಾತಾಡ್ತಾನೇ ಇರತ್ತೆ, ಉತ್ತರ ಬರ್ದಿದ್ರೆ ವಾರ್ನಿಂಗ್ ಲೈಟ್ ಹಾಕ್ಕೊಂಡು ಲಿಂಪ್ ಮೋಡಿಗೆ, ಅಂದ್ರೆ ಪವರ್ ಕಮ್ಮಿ ಮಾಡ್ಕೊಂಡು ತೆವಳೋ ಸ್ಥಿತಿಗೆ ಹೋಗ್ಬಿಡತ್ತೆ, ಆಗ ಇಸಿಎಂ ಬದಲಾಯಿಸ್ಬೇಕು ಇಲ್ಲಾ ರೀಪ್ರೋಗ್ರಾಂ ಮಾಡಿಸ್ಬೇಕು.

ಆರ್‌ಟಿಓ ವಿಷ್ಯ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, ಕಂಪ್ನಿ ಕೊಟ್ಟ ಸ್ಪೆಸಿಫಿಕೇಷನ್‌ಗಿಂತ ಬೇರೆ ಆಗೋ ಹಾಗೆ ಬದಲಾವಣೆ ಮಾಡಂಗಿಲ್ಲ ಅನ್ನತ್ತೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳ್ತು. ಮುಟ್ಟೋ ಮುಂಚೆ ಆರ್‌ಟಿಓದಲ್ಲಿ, ಇನ್ಶೂರೆನ್ಸ್‌ನವ್ರ ಹತ್ರ ಕೇಳಿ. ಆಕ್ಸಿಡೆಂಟ್ ಆದ ದಿನ ಸರ್ವೇಯರ್ ಬಾನೆಟ್ ತೆಗ್ದು ನೋಡಿದ್ಮೇಲೆ ಕೇಳಿದ್ರೆ ಏನ್ ಪ್ರಯೋಜನ?

ಇಷ್ಟಾದ್ರೂ ಮಾಡಿಸ್ಲೇಬೇಕು ಅಂದ್ರೆ, ಅದೇ ಮಾಡೆಲ್ಲು ಅದೇ ಇಂಜಿನ್ ಇರೋ ಮ್ಯಾನ್ಯುವಲ್ ಗಾಡಿ, ಹಿಂದೆ ಗುದ್ದಿಸ್ಕೊಂಡು ಗುಜರಿಗೆ ಬಂದಿರೋದು, ಪೂರ್ತಿ ತಗೊಳಿ. ಮುಂದಿನ ಭಾಗ ಸರಿ ಇದ್ರೆ ಪೆಡಲ್‌ನಿಂದ ಇಸಿಎಂವರೆಗೂ ಬೇಕಾಗಿದ್ದೆಲ್ಲ ಅದ್ರಲ್ಲೇ ಇರತ್ತೆ. ಬರೀ ಬಾಕ್ಸ್ ಒಂದನ್ನ ಆಟೋದಲ್ಲಿ ಹಾಕ್ಕೊಂಡು ಬಂದ್ರೆ ನಾನಂತೂ ಕೆಲ್ಸ ಒಪ್ಕೊಳಲ್ಲ.