ಹೊಳೆಯನ್ನು ಅಳೆದೆವು, ಮೋರಿಯನ್ನು ಮರೆತೆವು

ದಾವಣಗೆರೆಯಲ್ಲಿದ್ದುಕೊಂಡು ಪ್ರವಾಹದ ಕೆಲಸ ಮಾಡುತ್ತೇನೆ ಎಂದರೆ ಊರಿನವರೇ ನಂಬುವುದಿಲ್ಲ. ಇಲ್ಲಿ ಮಳೆಗಾಗಿ ಮುಗಿಲು ನೋಡುವವರೇ ಹೆಚ್ಚು. ಆದರೆ ನಮ್ಮ ಜಿಲ್ಲೆಗೆ ನೆರೆ ಬರಲು ಇಲ್ಲಿ ಮಳೆ ಬೀಳಬೇಕಾಗಿಲ್ಲ. ಪುಷ್ಯ ಮಳೆ ಶೃಂಗೇರಿ, ತೀರ್ಥಹಳ್ಳಿ ಕಡೆ ಬಿಡದೆ ಹಿಡಿದರೆ ಸಾಕು. ಲಕ್ಕವಳ್ಳಿಯ ಭದ್ರಾ ಜಲಾಶಯ ದೊಡ್ಡದು, 186 ಅಡಿ ತುಂಬುವವರೆಗೆ ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಗಾಜನೂರಿನ ತುಂಗಾ ಅಣೆಕಟ್ಟಿಗೆ ಆ ಹೊಟ್ಟೆಯಿಲ್ಲ. ತುಂಬಿತೆಂದರೆ ಬಂದದ್ದನ್ನೆಲ್ಲ ಮುಂದಕ್ಕೆ ಬಿಡಲೇಬೇಕು. ಕೂಡಲಿಯಲ್ಲಿ ಎರಡೂ ನದಿಗಳು ಸೇರಿ ಹೊನ್ನಾಳಿ, ಹರಿಹರ ದಾಟುವ ಹೊತ್ತಿಗೆ ನಮ್ಮ ತಲೆಯ ಮೇಲೆ ಬಿಸಿಲು, ಕಾಲಬುಡದಲ್ಲಿ ಕೆಂಪು ಹೊಳೆ.

ನದಿಯ ಮಟ್ಟ ಅಳೆಯುವ ಸಾಧನಗಳನ್ನು ಕೂರಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಎಂಜಿನಿಯರ್. ಹೊನ್ನಾಳಿಗೂ ಹರಿಹರಕ್ಕೂ ನಡುವಿನ ಒಂದು ಹೊಳೆದಂಡೆಯ ಊರಿಗೆ ಎಚ್ಚರಿಕೆ ವ್ಯವಸ್ಥೆ ಮಾಡಿಕೊಡುವುದು ನನ್ನ ಪಾಲಿಗೆ ಬಂದಿತ್ತು. ಸೇತುವೆಯ ಅಡಿಯಲ್ಲಿ ರಾಡಾರ್ ಸೆನ್ಸರ್ ತೂಗುಹಾಕಿದೆವು. ಅದು ನೀರನ್ನು ಮುಟ್ಟುವುದಿಲ್ಲ. ಮೇಲಿನಿಂದ ತರಂಗ ಬಿಟ್ಟು, ಅದು ನೀರಿಗೆ ತಾಗಿ ಮರಳಲು ಹಿಡಿದ ಸಮಯದಿಂದ ಮಟ್ಟವನ್ನು ಲೆಕ್ಕ ಹಾಕುತ್ತದೆ. ತೇಲಿ ಬರುವ ಬಾಳೆದಿಂಡು, ತೆಂಗಿನ ಗರಿಗಳಿಂದ ಲೆಕ್ಕ ತಪ್ಪಬಾರದೆಂದು ಒಂದರ ಹಿಂದೊಂದು ಹಲವು ಅಳತೆ ತೆಗೆದುಕೊಂಡು ನಡುವಿನದನ್ನು ಆರಿಸುವಂತೆ ಮಾಡಿದ್ದೆವು. ಸೌರಫಲಕ, ಬ್ಯಾಟರಿ, ಸಿಮ್ ಕಾರ್ಡ್, ಶಾಲೆಯ ಮಹಡಿಯ ಮೇಲೆ ಸೈರನ್. ನೀರು ಅಪಾಯದ ಮಟ್ಟ ಮುಟ್ಟಿದರೆ ಸೈರನ್ ತಾನಾಗಿಯೇ ಕೂಗಬೇಕು. ಪರೀಕ್ಷೆಯ ದಿನ ಎಲ್ಲವೂ ಸರಿಯಾಗಿ ನಡೆದು, ಊರಿನವರು ಚಹಾ ಕೊಟ್ಟು ಕಳುಹಿಸಿದ್ದರು.

ಆ ಮುಂಗಾರಿನಲ್ಲಿ ಒಂದು ರಾತ್ರಿ ನಾನು ಮನೆಯಲ್ಲಿ ಕೂತು ಅಂಕಿಗಳನ್ನೇ ನೋಡುತ್ತಿದ್ದೆ. ಅಪಾಯದ ಮಟ್ಟಕ್ಕೆ ಇನ್ನೂ ಮುಕ್ಕಾಲು ಮೀಟರ್ ಬಾಕಿಯಿತ್ತು, ಸೈರನ್ ಕೂಗಲಿಲ್ಲ. ಬೆಳಗ್ಗೆ ಫೋನ್ ಬಂತು. ತಗ್ಗಿನ ಕೇರಿಯ ಹನ್ನೊಂದು ಮನೆಗಳ ದಾರಿ ರಾತ್ರಿಯೇ ಮುಚ್ಚಿಹೋಗಿದೆ, ಬಾಣಂತಿಯೊಬ್ಬಳು ಒಳಗಿದ್ದಾಳೆ, ಬೋಟ್ ಬೇಕು ಎಂದರು. ಬೋಟ್ ಬಂತು, ತಾಯಿ ಮಗು ಇಬ್ಬರೂ ಕ್ಷೇಮವಾಗಿ ಹೊರಬಂದರು. ನನ್ನ ಎದೆ ಮಾತ್ರ ಆ ದಿನವೆಲ್ಲ ಹೊಡೆದುಕೊಳ್ಳುತ್ತಲೇ ಇತ್ತು.

ನೀರು ಇಳಿದ ಮೇಲೆ ಹೋದೆ. ಆ ಕೇರಿಯ ಅಜ್ಜಿಯೊಬ್ಬರು ನನ್ನನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋಗಲೇ ಇಲ್ಲ. ಮನೆಗಳ ಹಿಂದೆ, ಗದ್ದೆಯ ಅಂಚಿನಲ್ಲಿ ಹಳ್ಳವೊಂದು ರಸ್ತೆಯನ್ನು ದಾಟುವಲ್ಲಿ ನಿಲ್ಲಿಸಿದರು. ಎರಡು ಸಿಮೆಂಟ್ ಪೈಪಿನ ಮೋರಿ. ಅದರ ಬಾಯಿಗೆ ಹುಲ್ಲು, ಪ್ಲಾಸ್ಟಿಕ್ ಚೀಲ, ಒಂದು ಹರಿದ ಚಪ್ಪಲಿ ಸಿಕ್ಕಿಕೊಂಡಿದ್ದವು. ಪಕ್ಕದ ಜಾಲಿಮರದ ಕಾಂಡದಲ್ಲಿ ನನ್ನ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಇನ್ನೂ ಹಸಿಯಾಗಿತ್ತು.

“ಹೊಳೆ ನಮ್ಮ ಮುಂಬಾಗಿಲಿಗೆ ಬರುವುದಿಲ್ಲ ಕಣಪ್ಪಾ, ಹಿತ್ತಲಿಂದ ಬರುತ್ತದೆ,” ಎಂದರು. “ಹೊಳೆ ಏರಿದರೆ ಹಳ್ಳ ಒಳಗೆ ಹೋಗಲಾರದೆ ಹಿಂದಕ್ಕೆ ನಿಲ್ಲುತ್ತದೆ. ನೀವು ಸೇತುವೆ ಹತ್ತಿರ ಡಬ್ಬಿ ಕಟ್ಟುವಾಗಲೇ ನೋಡಿದೆ. ಕೇಳಿದ್ದರೆ ಹೇಳುತ್ತಿದ್ದೆ.”

ಹಿನ್ನೀರಿನ ಪಾಠ ಕಾಲೇಜಿನಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ಆ ಊರಿನ ನಕ್ಷೆಯ ಮುಂದೆ ಕೂತಾಗ ಅದು ನೆನಪಿಗೆ ಬರಲಿಲ್ಲ. ನದಿ ಯಾವಾಗ ಉಕ್ಕುತ್ತದೆ ಎಂದು ಕೇಳಿಕೊಂಡಿದ್ದೆನೇ ಹೊರತು, ಜನರ ದಾರಿ ಯಾವಾಗ ಮುಚ್ಚುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಹೋಗುವ ರಸ್ತೆ ನೆರೆಯಲ್ಲಿ ಮುಳುಗುವ ಸುದ್ದಿಯನ್ನು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದವನಿಗೆ ಇಷ್ಟಾದರೂ ಹೊಳೆಯಬೇಕಿತ್ತು.

ಎರಡನೆಯ ಸೆನ್ಸರನ್ನು ಮೋರಿಯ ಬಳಿ ಹಾಕಿದೆವು. ಎಚ್ಚರಿಕೆಯ ಮಟ್ಟವನ್ನು ರಸ್ತೆಯಿಂದ ಹಿಂದಕ್ಕೆ ಎಣಿಸಿದೆವು: ಕೇರಿಯ ಕೊನೆಯ ಮನೆಯವರು ಮಕ್ಕಳು, ಮುದುಕರೊಂದಿಗೆ ನಡೆದು ದಾಟಲು ಎಷ್ಟು ಹೊತ್ತು ಬೇಕು, ಅಷ್ಟು ಹೊತ್ತಿನಲ್ಲಿ ನೀರು ಎಷ್ಟು ಏರಬಹುದು, ಅದನ್ನು ಕಳೆದರೆ ಉಳಿಯುವುದೇ ಸೈರನ್ ಕೂಗಬೇಕಾದ ಮಟ್ಟ. ಅಜ್ಜಿಯ ಜೊತೆ ಆ ದಾರಿಯನ್ನು ನಾನೇ ನಡೆದು ಹೊತ್ತು ಎಣಿಸಿದೆ. ನಾನು ಆರು ನಿಮಿಷಕ್ಕೆ ನಡೆಯುವ ದಾರಿ ಅವರಿಗೆ ಹತ್ತೊಂಬತ್ತು ನಿಮಿಷ. ರಾತ್ರಿ, ಕೆಸರಿನಲ್ಲಿ, ಅದರ ಎರಡರಷ್ಟು ಎಂದು ಹಿಡಿದೆವು.

ಇನ್ನೊಂದು ತಪ್ಪು ಅದೇ ವಾರ ಕಣ್ಣಿಗೆ ಬಿತ್ತು. ಸೆನ್ಸರಿಗೆ ಬ್ಯಾಟರಿಯಿತ್ತು, ಸೈರನ್ ಶಾಲೆಯ ಕರೆಂಟಿನಲ್ಲಿತ್ತು. ನೀರು ನುಗ್ಗಿದರೆ ಪ್ರಾಣಕ್ಕೆ ಅಪಾಯವೆಂದು ಮೊದಲು ತೆಗೆಯುವುದೇ ಲೈನ್. ಮಟ್ಟ ಮುಟ್ಟಿದ್ದರೂ ಅಂದು ಅದು ಕೂಗುತ್ತಿರಲಿಲ್ಲ. ಈಗ ಸೈರನ್‌ಗೆ ಅದರದೇ ಬ್ಯಾಟರಿ ಇದೆ, ಜೊತೆಗೆ ಕೈಯಿಂದ ತಿರುಗಿಸುವ ಇನ್ನೊಂದು ಸೈರನ್ ಪಂಚಾಯಿತಿಯ ನೀರುಗಂಟಿಯ ಮನೆಯಲ್ಲಿದೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರಿಗೆ ತಿಳಿದಷ್ಟು ಯಾವ ದಾಖಲೆಗೂ ತಿಳಿದಿಲ್ಲ. ಟವರ್ ಸತ್ತು ಸಂದೇಶ ಬಾರದಿದ್ದರೂ ಅವರು ಬಾಗಿಲು ಬಡಿಯುತ್ತಾರೆ.

ಸಂದೇಶದ ಮಾತನ್ನೂ ಬದಲಿಸಿದೆವು. ಗಾಜನೂರಿನಿಂದ ಇಷ್ಟು ಸಾವಿರ ಕ್ಯೂಸೆಕ್ ಎಂದು ಟಿವಿ ಹೇಳುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಹೆಚ್ಚುಕಡಿಮೆ 28 ಲೀಟರ್. ಅದನ್ನು ವಿವರಿಸಿದಾಗ ಅಜ್ಜಿ ಸಾವಧಾನದಿಂದ ಕೇಳಿ, “ನನ್ನ ಹೊಸ್ತಿಲಿಗೆ ಎಷ್ಟು?” ಎಂದರು. ಆ ಪ್ರಶ್ನೆಯನ್ನೇ ಹಿಡಿದು ಜಾಲಿಮರಕ್ಕೂ ಮೋರಿಯ ಗೋಡೆಗೂ ಹಳದಿ, ಕೆಂಪು ಪಟ್ಟಿ ಬಳಿಸಿದೆವು. ಈಗ ಸಂದೇಶದಲ್ಲಿ “ಮೋರಿಯಲ್ಲಿ ಹಳದಿ ಪಟ್ಟಿಗೆ ನೀರು ಬಂದಿದೆ, ಈಗಲೇ ಶಾಲೆಗೆ ಹೊರಡಿ” ಎಂದಷ್ಟೇ ಇರುತ್ತದೆ.

ಮುಂದಿನ ಮಳೆಗಾಲದಲ್ಲಿ ಹಳದಿ ಮುಟ್ಟಿದ್ದು ಸಂಜೆ ಐದಕ್ಕೆ. ಹನ್ನೊಂದರಲ್ಲಿ ಒಂಬತ್ತು ಮನೆಯವರು ಕತ್ತಲಾಗುವ ಮೊದಲೇ ಹೊರಬಂದರು. ಉಳಿದ ಎರಡು ಮನೆಯವರು ಎಮ್ಮೆಗಳನ್ನು ಬಿಟ್ಟು ಬರುವುದಿಲ್ಲವೆಂದು ಕೂತರು. ಕಾಳಜಿ ಕೇಂದ್ರದ ಶಾಲೆಯಲ್ಲಿ ದನ ಕಟ್ಟಲು ಜಾಗವಿರಲಿಲ್ಲ. ಹಾಲು ಮಾರಿ ಬದುಕುವವರನ್ನು ಹಟಮಾರಿಗಳೆಂದು ಬೈಯಲು ನನಗೆ ಮನಸ್ಸಾಗಲಿಲ್ಲ. ಈ ವರ್ಷದ ನಕ್ಷೆಯಲ್ಲಿ ಶಾಲೆಯ ಹಿಂದಿನ ದಿಬ್ಬದ ಮೇಲೆ ಇಪ್ಪತ್ತು ಗೂಟ, ಒಂದು ತಗಡಿನ ಮಾಡು, ಒಂದು ನೀರಿನ ತೊಟ್ಟಿ ಬರೆದಿದ್ದೇನೆ. ಆಶ್ಲೇಷ ಮಳೆಗೆ ಮುಂಚೆ ಗೂಟಗಳನ್ನಾದರೂ ನೆಡಿಸಬೇಕು.