ಬೊಂಬೆ ಬೇಕಾದರೆ ಬೈಪಾಸ್ ಬಿಟ್ಟು ಊರೊಳಗೆ ಬನ್ನಿ

ಚನ್ನಪಟ್ಟಣಕ್ಕೆ ಬೊಂಬೆ ಕೊಳ್ಳಲು ಹೊರಟಿದ್ದೀರಾ? ಮೊದಲು ದಾರಿ ನೋಡಿಕೊಳ್ಳಿ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಊರಿನ ಹೊರಗಿಂದಲೇ ಹಾದು ಹೋಗುತ್ತದೆ. ಸ್ವಲ್ಪ ಮೈಮರೆತರೆ ಮದ್ದೂರು ಬಂದುಬಿಡುತ್ತದೆ. ಕಾರಿನವರು ಹಳೇ ಹೆದ್ದಾರಿ ಹಿಡಿಯಿರಿ. ಬೈಕಿನವರನ್ನು ಹೇಗೂ ಎಕ್ಸ್‌ಪ್ರೆಸ್‌ವೇಗೆ ಬಿಡಲ್ಲ. ನಾವು ಮೈಸೂರು ಕಡೆಯ ರೈಲು ಹತ್ತಿ ಹೋದೆವು. ನನ್ನ ಕೇಳಿದರೆ ಅದೇ ಆರಾಮ.

ಹಿಂದೊಮ್ಮೆ ರಸ್ತೆ ಬದಿಯ ಅಂಗಡಿಯಲ್ಲಿ ಆತುರಾತುರವಾಗಿ ಒಂದು ಗಿಲಕಿ ಕೊಂಡಿದ್ದೆ. ಮಗಳು ಬಾಯಿಗಿಟ್ಟುಕೊಂಡ ವಾರದಲ್ಲೇ ಬಣ್ಣ ಸಿಪ್ಪೆ ಏಳತೊಡಗಿತು. ಚನ್ನಪಟ್ಟಣದ ಬೊಂಬೆಗೆ ಹತ್ತಿಸುವ ಬಣ್ಣದ ಅರಗು ಅದಾಗಿರಲಿಲ್ಲ, ಬರೀ ಪೇಂಟ್. ಹಾಗಾಗಿ ಈ ಸಲ ಸೀದಾ ಚನ್ನಪಟ್ಟಣದ ಕಲಾನಗರಕ್ಕೆ ಹೋದೆವು. ಅಲ್ಲಿ ಮನೆಯಲ್ಲೇ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಕೆಲಸ ಮಾಡುವವರಿದ್ದಾರೆ. ಕೇಳಿದರೆ ಒಳಗೆ ಕರೆದು ತೋರಿಸುತ್ತಾರೆ.

ನಾವು ಹೋದ ಮನೆಯಲ್ಲಿ ಬೆಳ್ಳಗಿನ ಹಾಲೆಮರದ ತುಂಡೊಂದು ಗಿರ್ರನೆ ತಿರುಗುತ್ತಿತ್ತು. ಉಳಿ ತಾಗಿಸಿದಂತೆ ಸುರುಳಿ ಸುರುಳಿಯಾಗಿ ಹೊಟ್ಟು ಉದುರಿತು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಕೊನೆಗೆ ತಾಳೆಗರಿ ಒತ್ತಿದರು ನೋಡಿ, ಮಂಕಾಗಿದ್ದ ಕೆಂಪು ಕನ್ನಡಿಯ ಹಾಗೆ ಹೊಳೆಯಿತು. ಅಷ್ಟರಲ್ಲಿ ಕರೆಂಟ್ ಹೋಯ್ತು, ಲೇತೂ ನಿಂತಿತು. ಮಾತಿಗೆ ಕೂತಾಗಲೇ ಕೊಳ್ಳುವ ಗುಟ್ಟು ಸಿಕ್ಕಿದ್ದು.

"ಲೇತಲ್ಲಿ ದುಂಡಗಿರೋದು ಮಾತ್ರ ಬರೋದು ಅಕ್ಕಾ. ಮಗೂಗಾದ್ರೆ ದುಂಡಗಿರೋದೇ ತಗೊಳ್ಳಿ" ಅಂದರು. ಸರಿ ಅಲ್ವಾ? ತಿರುಗದಿದ್ದರೆ ಅರಗು ಹತ್ತುವುದಾದರೂ ಹೇಗೆ? ಚಪ್ಪಟೆ ಹಲಗೆಯ ಒಗಟು, ಗೋಡೆಗೆ ನೇತುಹಾಕುವ ಬೊಂಬೆಗಳಿಗೆ ಸಾಮಾನ್ಯವಾಗಿ ಪೇಂಟೇ ಬಳಿದಿರುತ್ತಾರೆ. ಗಿಲಕಿ, ಬುಗುರಿ, ಬಳೆ ಗೋಪುರ, ಕುಂಕುಮದ ಭರಣಿ ಇವೆಲ್ಲ ಲೇತಿನವು. ಎರಡು ಗಿಲಕಿ ಪಕ್ಕಪಕ್ಕ ಇಟ್ಟು ನೋಡಿ, ಗೆರೆ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಕೈಕೆಲಸ ಅಂದರೆ ಹಾಗೇ. ಪ್ಲಾಸ್ಟಿಕ್ ಸಾಮಾನು ಜೊತೆಗಿಟ್ಟುಕೊಂಡು ಮಾರುವ ಅಂಗಡಿಗಳೂ ಇವೆ, ಸ್ವಲ್ಪ ಹುಷಾರು.

ಚೌಕಾಸಿ ಬಗ್ಗೆ: ಒಂದೆರಡು ಬುಗುರಿಗೆ ಸುಮ್ನೆ ಎಳೆದಾಡಬೇಡಿ. ನಾಮಕರಣಕ್ಕೋ ಗೃಹಪ್ರವೇಶಕ್ಕೋ ಐವತ್ತು ಪೀಸು ಬೇಕಿದ್ದರೆ ಕೇಳಿ, ಬಿಡುತ್ತಾರೆ. ಆದರೆ ಮರ ಒಣಗಿರಬೇಕು, ಬಣ್ಣ ಕೂಡಿಬರಬೇಕು. ಜಾಸ್ತಿ ಬೇಕಾದವರು ಕೆಲವು ವಾರ ಮುಂಚೆಯೇ ಹೇಳಿಡಿ.

ಮನೆಗೆ ತಂದ ಮೇಲೆ ನಾನು ಮಾಡಿದ ದಡ್ಡ ಕೆಲಸ ನೀವು ಮಾಡಬೇಡಿ. ಮಗುವಿನ ಸಾಮಾನಲ್ವಾ ಅಂತ ಹೊಸ ಗಿಲಕಿಯನ್ನು ಸ್ಯಾನಿಟೈಸರ್‌ನಲ್ಲಿ ಒರೆಸಿದೆ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಬಟ್ಟೆಯೆಲ್ಲ ಕೆಂಪಾಯಿತು, ಗಿಲಕಿ ಮಂಕಾಯಿತು. ಬಿಸಿನೀರೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದರೆ ಸಾಕು.